ಉಳಿದ ಔಷಧಿಯ ಡ್ರಮ್

ಪುಟ್ಟಬಸವಯ್ಯನವರು ಸೊಪ್ಪಿನ ಚೀಲಕ್ಕೆ ಬೀಗ ಹಾಕಿಕೊಂಡು ಬಂದಿದ್ದರು. ಹೊಸ ಬಟ್ಟೆಯ ಚೀಲ. ಬಾಯಿಗೆ ತಂತಿ ಪೋಣಿಸಿ, ತಂತಿಗೊಂದು ಸಣ್ಣ ಹಿತ್ತಾಳೆ ಬೀಗ. ನಂಜನಗೂಡಿನ ಕೈಗಾರಿಕಾ ಪ್ರದೇಶದ ಕೊನೆಯಲ್ಲಿರುವ ನಮ್ಮ ಲ್ಯಾಬಿಗೆ ಬೋರ್‌ವೆಲ್ ನೀರು, ಮಣ್ಣು, ತರಕಾರಿ, ಅರಿಸಿನದ ಪುಡಿ ಎಲ್ಲವೂ ಪರೀಕ್ಷೆಗೆ ಬರುತ್ತವೆ. ಬೀಗ ಹಾಕಿದ ಚೀಲ ಬಂದದ್ದು ಅದೇ ಮೊದಲು. ಬಂದ ಸ್ಯಾಂಪಲ್ಲಿಗೆ ನಂಬರು ಬರೆಯುವುದು, ಅದನ್ನು ಅರೆದು ಸೋಸಿ ಮಿಷನ್ನಿಗೆ ಸಿದ್ಧ ಮಾಡುವುದು ನನ್ನ ಕೆಲಸ. ಕೌಂಟರಿನ ಹಿಂದೆ ನನ್ನನ್ನು ಕಂಡದ್ದೇ ಅವರು ಚೀಲವನ್ನು ಎದೆಗೆ ಅವಚಿಕೊಂಡರು.

"ನೀನು ಜವರನ ಅಕ್ಕನ ಮಗಳಲ್ವೇನಮ್ಮ? ಇಲ್ಲಿ ಬೇರೆ ಯಾರೂ ಇಲ್ವಾ?"

ಇದ್ದರು. ಸೀನಿಯರ್ ಕೆಮಿಸ್ಟ್ ರವಿಚಂದ್ರ ಸರ್ ಹೊರಗೆ ಬಂದು ಚೀಲ ಇಸಿದುಕೊಂಡರು. ಪುಟ್ಟಬಸವಯ್ಯನವರು ಕೀಲಿಯನ್ನು ಅವರ ಕೈಗೇ ಕೊಟ್ಟು, ಈ ಹೆಣ್ಣುಮಗಳು ಇದನ್ನು ಮುಟ್ಟಬಾರದು ಎಂದು ನನ್ನೆದುರೇ ಹೇಳಿ, ಬೀಗ ತೆಗೆಯುವ ತನಕ ನಿಂತು ನೋಡಿ, ಬೀಗ ಕೀಲಿ ಎರಡನ್ನೂ ವಾಪಸ್ಸು ಇಸಿದುಕೊಂಡು, ಬಸ್ ಸ್ಟ್ಯಾಂಡಿನ ಕಡೆ ಹೋದರು.

ಚೀಲದಲ್ಲಿದ್ದದ್ದು ಹಿಪ್ಪುನೇರಳೆ ಸೊಪ್ಪು. ಅದನ್ನು ತಿಂದ ರೇಷ್ಮೆ ಹುಳುಗಳೆಲ್ಲ ಸತ್ತಿದ್ದವು.

ಅವರ ಊರೇ ನನ್ನ ತವರು. ನರಸೀಪುರದಿಂದ ತಲಕಾಡಿಗೆ ಹೋಗುವ ದಾರಿಯಲ್ಲಿದೆ. ಅವರ ಮನೆ ಮಠದ ಬೀದಿಯಲ್ಲಿ, ನಮ್ಮದು ಕಾಲುವೆಯ ಆಚೆ, ಬುದ್ಧ ವಿಹಾರದ ಪಕ್ಕದ ಸಾಲಿನಲ್ಲಿ. ನನ್ನ ಸೋದರಮಾವ ಜವರಯ್ಯ ಊರಿನ ಹೊಲ ತೋಟಗಳಿಗೆ ಔಷಧಿ ಹೊಡೆಯುವವನು. ಮೊಪೆಡ್ಡಿನ ಹಿಂದೆ ಐವತ್ತು ಲೀಟರಿನ ನೀಲಿ ಡ್ರಮ್ ಕಟ್ಟಿಕೊಂಡು, ಹೆಗಲಿಗೆ ಪಂಪು ಹಾಕಿಕೊಂಡು, ಕರೆದವರ ಹೊಲಕ್ಕೆ ಹೋಗುತ್ತಾನೆ. ಬಾಟಲು ತಂದುಕೊಡುವವರು ಅವರು, ಬೆರೆಸಿ ಹೊಡೆಯುವವನು ಇವನು. ಹದಿನೆಂಟು ವರ್ಷದಿಂದ ಇದೇ ಕೆಲಸ.

ಕಳೆದ ತಿಂಗಳು ಪುಟ್ಟಬಸವಯ್ಯನವರ ಹಿಪ್ಪುನೇರಳೆ ತೋಟಕ್ಕೆ ನುಸಿಯ ಔಷಧಿ ಹೊಡೆದವನೂ ಅವನೇ. ಆವತ್ತು ಮನೆಯಿಂದ ಕಾಫಿ ಬಂತು. ಕಳೆ ಕೀಳುತ್ತಿದ್ದ ಅವರ ಕಡೆಯವರಿಗೆ ಸ್ಟೀಲ್ ಲೋಟದಲ್ಲಿ, ನನ್ನ ಮಾವನಿಗೆ ಪೇಪರ್ ಕಪ್ಪಿನಲ್ಲಿ. ಮಾವ ಆ ಕಪ್ಪನ್ನು ಬದುವಿನ ಮೇಲಿಟ್ಟು, ಬಿಸಿಲಿಗೆ ಕಾಫಿ ಬೇಡ ಅಂದು ಕೆಲಸ ಮುಂದುವರಿಸಿದ. ಕಪ್ಪು ಸಂಜೆಯ ತನಕ ಅಲ್ಲೇ ಇತ್ತಂತೆ, ಇರುವೆ ಮುತ್ತಿಕೊಂಡು. ಎಲ್ಲರೂ ನೋಡಿದರು.

ಔಷಧಿ ಹೊಡೆದ ಮೇಲೆ ಎಷ್ಟು ದಿನ ಸೊಪ್ಪು ಕೊಯ್ಯಬಾರದೋ ಅಷ್ಟೂ ದಿನ ಪುಟ್ಟಬಸವಯ್ಯನವರು ಕಾದರು, ಮೇಲೆ ಎರಡು ದಿನ ಹೆಚ್ಚಾಗಿಯೇ ಕಾದರು. ಆದರೂ ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಕಳಚಿ, ಇನ್ನೊಂದು ವಾರದಲ್ಲಿ ಗೂಡು ಕಟ್ಟಬೇಕಾಗಿದ್ದ ಹುಳುಗಳು ತಲೆ ಎತ್ತಿ ಆಡಿಸುತ್ತಾ, ಬಾಯಲ್ಲಿ ಹಸಿರು ನೀರು ಕಾರಿ ಎರಡೇ ದಿನದಲ್ಲಿ ಸತ್ತವು. ಆಗ ಎಲ್ಲರಿಗೂ ಆ ಪೇಪರ್ ಕಪ್ಪು ನೆನಪಾಯಿತು.

ರಿಪೋರ್ಟು ನಾಲ್ಕನೆಯ ದಿನ ಬಂತು. ಸೊಪ್ಪಿನಲ್ಲಿ ಮೂರು ರಾಸಾಯನಿಕಗಳಿದ್ದವು. ಮೂರರ ಮುಂದೆಯೂ ಒಂದೇ ಷರಾ: ಹಾನಿಯ ಮಟ್ಟಕ್ಕಿಂತ ಕಡಿಮೆ. ಪುಟ್ಟಬಸವಯ್ಯನವರು ಕಾಗದವನ್ನು ಎರಡು ಸಲ ಓದಿಸಿ ಕೇಳಿ, ತಲೆಯಾಡಿಸಿದರು.

"ಅಂಗಾದ್ರೆ ಔಸ್ದಿಯಿಂದ ಸತ್ತಿಲ್ಲ. ಬೇರೆ ಇನ್ನೇನೋ ಹಾಕವ್ನೆ, ನಿಮ್ ಮಿಷನ್ನಿಗೆ ಸಿಗ್ದೇ ಇರೋದು. ಸೋಮವಾರ ನರಸೀಪುರದ ಠಾಣೇಲಿ ಕಂಪ್ಲೇಂಟ್ ಕೊಡ್ತೀನಿ."

ಆವತ್ತು ಮಂಗಳವಾರ. ಹದಿನೆಂಟು ವರ್ಷ ಊರಿನವರ ಬೆಳೆಯನ್ನು ನಂಬಿಕೆಯ ಮೇಲೆ ಮುಟ್ಟಿದವನು ಸೋಮವಾರದಿಂದ ವಿಷ ಹಾಕಿದವನಾಗುತ್ತಾನೆ. ಆಗಲೇ ಅವನನ್ನು ಕರೆಯುವವರು ನಿಂತುಹೋಗಿದ್ದರು. ಪೊಲೀಸಿನವರು ಮನೆಗೆ ಬಂದರೆ ಆಮೇಲೆ ಯಾವ ಕಾಗದ ತೋರಿಸಿದರೂ ಆ ಹೆಸರು ಅಳಿಸುವುದಿಲ್ಲ.

ಮಾವನೇ ಏನಾದರೂ ಮಾಡಿರಬಹುದೇ ಎಂದು ನನಗೂ ಅನ್ನಿಸಿತ್ತು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಕಡಿಮೆ ಮಾತಿನ ಮನುಷ್ಯ. ಕಪ್ಪನ್ನು ಬದುವಿನ ಮೇಲಿಟ್ಟವನ ಹೊಟ್ಟೆಯಲ್ಲಿ ಏನಿತ್ತೋ ನನಗೆ ಹೇಗೆ ಗೊತ್ತು?

ಬುಧವಾರ ಮಗಳು ಮೈತ್ರಿಗೆ ಜ್ವರ. ನನ್ನ ಗಂಡ ಗುರು ಕಾರ್ಖಾನೆಯಲ್ಲಿ ಡಬಲ್ ಪಾಳಿ ಮಾಡುತ್ತಿದ್ದರು. ನಾನು ಬೆಳಿಗ್ಗೆ ಜ್ವರದ ಸಿರಪ್ ಹಾಕಿ, ಮೂಗು ಸೋರುತ್ತಿದೆಯೆಂದು ಮನೆಯಲ್ಲಿದ್ದ ನೆಗಡಿಯ ಸಿರಪ್ಪನ್ನೂ ಹಾಕಿ, ಪಕ್ಕದ ಮನೆಯಲ್ಲಿ ಬಿಟ್ಟು ಡ್ಯೂಟಿಗೆ ಹೋಗಿದ್ದೆ. ಸಂಜೆ ಮೆಡಿಕಲ್ ಸ್ಟೋರಿನಲ್ಲಿ ಇನ್ನೊಂದು ಬಾಟಲು ಕೇಳಿದಾಗ ಅಂಗಡಿಯ ದೀಪಕ್, ಮನೆಯಲ್ಲಿ ಏನೇನು ಕೊಡುತ್ತಿದ್ದೀರಿ ಎಂದು ವಿಚಾರಿಸಿ, ಹುಬ್ಬು ಗಂಟಿಕ್ಕಿದ.

"ಎರಡ್ರಲ್ಲೂ ಜ್ವರದ ಔಷಧಿ ಅದೇ ಇದೆ ಅಕ್ಕ. ಬಾಟ್ಲು ಬೇರೆ ಅಷ್ಟೇ. ಲ್ಯಾಬಲ್ಲಿ ಕೆಲಸ ಮಾಡ್ತೀರಿ, ನೀವೇ ಹಿಂಗ್ ಮಾಡುದ್ರೆ ಹೆಂಗೆ? ಒಂದೊಂದೂ ಲೆಕ್ಕಕ್ಕೆ ಸರಿ. ಹೊಟ್ಟೇಲಿ ಎರಡೂ ಸೇರ್ತವಲ್ಲ."

ಮನೆಗೆ ಬಂದು ಮಗಳ ಹಣೆ ಮುಟ್ಟಿ ನೋಡಿ, ಒದ್ದೆ ಬಟ್ಟೆ ಹಾಕಿ ಪಕ್ಕದಲ್ಲಿ ಕೂತೆ. ಅವಳಿಗೇನೂ ಆಗಿರಲಿಲ್ಲ. ಅವಳು ನಿದ್ದೆಹೋದ ಮೇಲೆ ಮೊಬೈಲಿನಲ್ಲಿ ತೆಗೆದುಕೊಂಡಿದ್ದ ರಿಪೋರ್ಟಿನ ಫೋಟೊ ತೆರೆದೆ. ನಾವು ಮೂರನ್ನೂ ಒಂದೊಂದಾಗಿ ನೋಡಿ ಒಂದೊಂದಕ್ಕೂ ಸರಿ ಎಂದು ಬರೆದಿದ್ದೆವು. ಹುಳು ತಿಂದದ್ದು ಮಾತ್ರ ಮೂರನ್ನೂ ಒಟ್ಟಿಗೆ.

ನೂರು ಹುಳುಗಳಲ್ಲಿ ಐವತ್ತು ಸಾಯುವ ಪ್ರಮಾಣವನ್ನು ಒಂದು ಎಂದು ಇಟ್ಟುಕೊಂಡು ಲೆಕ್ಕ ಹಾಕಿದೆ. ನುಸಿಯ ಔಷಧಿ ಅದರಲ್ಲಿ ಹತ್ತರಲ್ಲಿ ನಾಲ್ಕು ಪಾಲಿತ್ತು. ಎರಡನೆಯದು ಇನ್ನೊಂದು ಕೀಟನಾಶಕ, ಹತ್ತರಲ್ಲಿ ಮೂರು ಪಾಲು. ಮೂರನೆಯದು ಎಲೆಚುಕ್ಕೆ ರೋಗಕ್ಕೆ ಹೊಡೆಯುವ ಪುಡಿ. ಅದು ಹುಳುಗಳನ್ನು ಕೊಲ್ಲುವುದೇ ಇಲ್ಲ. ಕೂಡಿದರೆ ಏಳು ಪಾಲು. ಅರ್ಧದಷ್ಟು ಹುಳುಗಳು ಸಾಯುವುದಕ್ಕೂ ಸಾಲದು. ಅಲ್ಲಿ ಸತ್ತದ್ದು ಎಲ್ಲವೂ.

ಲೆಕ್ಕ ಕೈಕೊಟ್ಟ ಕೂಡಲೇ ಅನುಮಾನ ವಾಪಸ್ಸು ಬಂತು. ಉಳಿದ ಮೂರು ಪಾಲು ಎಲ್ಲಿಂದ ಬಂತು? ಪುಟ್ಟಬಸವಯ್ಯನವರ ಮಾತೇ ಕಿವಿಯಲ್ಲಿ ಗುಂಯ್ಗುಡುತ್ತಿತ್ತು: ಮಿಷನ್ನಿಗೆ ಸಿಗದೇ ಇರೋದು.

ಗುರುವಾರ ಮಗಳ ಜ್ವರ ಬಿಟ್ಟಿತು. ರಜೆ ಹಾಕಿ ನರಸೀಪುರದ ಬಸ್ಸು ಹತ್ತಿದೆ. ಮಾವ ಮನೆಯ ಹಿಂದೆ ಹುಣಸೆ ಮರದ ಕೆಳಗೆ ಪಂಪಿನ ವಾಷರು ಬದಲಿಸುತ್ತಿದ್ದ. ಕೆಲಸ ಇಲ್ಲದಿದ್ದರೂ ಪಂಪು ಬಿಚ್ಚಿ ಜೋಡಿಸುವುದು ಅವನಿಗೊಂದು ಅಭ್ಯಾಸ. ಗೋವಿಂದಮ್ಮ ಅತ್ತೆ ನನ್ನನ್ನು ಕಂಡು ಅಳುವುದಕ್ಕೆ ಶುರುಮಾಡಿದರು. ಮಾವ ತಲೆ ಎತ್ತಲಿಲ್ಲ. ನಾನು ನೀಲಿ ಡ್ರಮ್ಮಿನ ಮುಚ್ಚಳ ತೆಗೆದೆ. ಕಾಲುಭಾಗದಷ್ಟು ಹಾಲಿನಂಥ ನೀರಿತ್ತು. ಒಳಗಿನ ಗೋಡೆಯಲ್ಲಿ, ಕೆರೆಯ ನೀರು ಇಳಿದಾಗ ದಡದಲ್ಲಿ ಉಳಿಯುವ ಗುರುತಿನ ಹಾಗೆ, ಒಂದರ ಮೇಲೊಂದು ಗೆರೆ. ಒಂದು ಬಿಳಿ, ಒಂದು ಕಂದು, ಒಂದು ಹಳದಿ.

ಇದೇನು ಮಾವ ಅಂದೆ.

"ಉಳ್ದಿದ್ದು ಕಣವ್ವ."

"ಯಾವುದರದ್ದು?"

"ಎಲ್ಲಾದ್ರುದ್ದೂ ಸೊಲ್ಪ ಸೊಲ್ಪ."

ಅವನು ಹೇಳಿದ್ದು ಇಷ್ಟು. ಯಾರ ಹೊಲಕ್ಕೆ ಹೊಡೆದರೂ ಕೊನೆಗೆ ಒಂದಿಷ್ಟು ಉಳಿಯುತ್ತದೆ. ಮೊದಲೆಲ್ಲ ಬೇಲಿಯ ಬುಡಕ್ಕೆ ಸುರಿಯುತ್ತಿದ್ದ. ಒಂದು ಸಲ ಅಲ್ಲಿ ಮೇಯ್ದ ಅವನದೇ ಎರಡು ಮೇಕೆ ಸತ್ತವು, ಒಂದು ಗಬ್ಬದ ಮೇಕೆ. ಕಾಲುವೆಗೆ ಸುರಿಯುವಂತಿಲ್ಲ, ಜನ ಬಟ್ಟೆ ಒಗೆಯುತ್ತಾರೆ. ಆಮೇಲಿಂದ ಅವನು ಉಳಿದದ್ದನ್ನು ಎಸೆಯುವುದಿಲ್ಲ. ಡ್ರಮ್ಮಿನಲ್ಲೇ ಬಿಟ್ಟು, ಮುಂದಿನವರ ಹೊಲದಲ್ಲಿ ಅದರ ಮೇಲೇ ನೀರು ಹಾಕಿ, ಅವರ ಔಷಧಿ ಬೆರೆಸಿ ಹೊಡೆಯುತ್ತಾನೆ. ಹಾಗೆ ನಂಜೇಶನ ಬದನೆಗೆ ಹೊಡೆದು ಉಳಿದದ್ದು ಚಿಕ್ಕಬಸಪ್ಪನವರ ಟೊಮೇಟೊಗೆ, ಎರಡೂ ಸೇರಿ ಪುಟ್ಟಬಸವಯ್ಯನವರ ತೋಟಕ್ಕೆ.

"ಔಸ್ದಿ ಬೆಳೆಗೇ ಓಗ್ಬೇಕು ಕಣವ್ವ. ನೆಲಕ್ಕೆ ಓಗ್ಬಾರ್ದು," ಅಂದ. ಆಮೇಲೆ ಮೊದಲ ಸಲ ನನ್ನ ಮುಖ ನೋಡಿದ. "ನೀನೂ ಅವ್ರಂಗೇ ಕೇಳಾಕೆ ಬಂದಿದ್ದೀಯಾ?"

ಇಲ್ಲ ಅಂದೆ. ಅವನು ನಂಬಿದ ಹಾಗೆ ಕಾಣಲಿಲ್ಲ, ನಂಬಬೇಕಾದ ಕಾರಣವೂ ಇರಲಿಲ್ಲ.

ರವಿಚಂದ್ರ ಸರ್‌ಗೆ ಅಲ್ಲಿಂದಲೇ ಫೋನ್ ಮಾಡಿದೆ. ಅವರಿಗೆ ನನ್ನ ಮೇಲೆ ಸಿಟ್ಟಿತ್ತು. ನಮ್ಮ ಕೆಲಸ ಅಂಕಿ ಕೊಡುವುದು, ಪಂಚಾಯಿತಿ ಮಾಡುವುದಲ್ಲ ಎಂದರು. ಆದರೂ ಲೆಕ್ಕ ಕೇಳಿಸಿಕೊಂಡರು. ಆ ಮೂರನೆಯ ಪುಡಿಯನ್ನು ಯಾಕೆ ಸೊನ್ನೆ ಅಂತ ಬರೆದುಕೊಂಡಿರಿ ಎಂದು ಕೇಳಿದರು. ಹುಳು ಕೊಲ್ಲುವುದಿಲ್ಲವಲ್ಲ ಸರ್ ಅಂದೆ. ಅವರು ವಿವರಿಸಿದ್ದು ಹೀಗೆ: ಹುಳುವಿನ ಮೈಯೂ ನಮ್ಮ ಮೈಯ ಹಾಗೇ, ಒಳಕ್ಕೆ ಬಂದ ವಿಷವನ್ನು ಒಡೆದು ಹೊರಕ್ಕೆ ಹಾಕುವ ಶಕ್ತಿ ಅದಕ್ಕೂ ಒಂದಿಷ್ಟಿದೆ. ಈ ಜಾತಿಯ ಕೆಲವು ಪುಡಿಗಳು ತಾವಾಗಿ ಕೊಲ್ಲದಿದ್ದರೂ ಆ ಶಕ್ತಿಯನ್ನೇ ಕಟ್ಟಿಹಾಕುತ್ತವೆ. ಆಗ ನಾಲ್ಕು ಪಾಲಿನ ವಿಷ ಹತ್ತು ಪಾಲಿನಷ್ಟು ಕೆಲಸ ಮಾಡಬಹುದು. ಕೂಡುವ ಲೆಕ್ಕ ಎಲ್ಲ ಕಡೆಗೂ ಸಾಲುವುದಿಲ್ಲ.

"ಆದ್ರೆ ಇಲ್ಲಿ ಹಾಗೇ ಆಗಿದೆ ಅಂತ ನಾನು ಹೇಳಲ್ಲ," ಅಂದರು. "ಎಷ್ಟು ಸಾಯ್ತವೆ ಅಂತ ಮೊದಲೇ ಹೇಳಿ, ಆಮೇಲೆ ಹುಳುಗಳ ಮೇಲೆ ಮಾಡಿ ನೋಡಿ. ಲ್ಯಾಬ್ ಹೆಸರು ಎಲ್ಲೂ ಬರಬಾರದು."

ನಾನು ನೇರ ಮಠದ ಬೀದಿಗೆ ಹೋಗಿ, ತಟ್ಟೆಗೆ ಐವತ್ತರಂತೆ ಐದು ತಟ್ಟೆ ಹುಳು ಕೊಟ್ಟರೆ ಮಾಡಿ ತೋರಿಸುತ್ತೇನೆ ಎಂದೆ. ಪುಟ್ಟಬಸವಯ್ಯನವರು ಜಗಲಿಯ ಮೇಲೆ ಕೂತು ಎಲ್ಲ ಕೇಳಿ, ಲ್ಯಾಬಮ್ಮ ಚೆನ್ನಾಗಿ ಕತೆ ಕಟ್ಟುತ್ತಾಳೆ ಎಂದು ಒಳಗೆ ಕೇಳುವಂತೆ ಹೇಳಿದರು. ಅವರ ಹೆಂಡತಿ ಸರ್ವಮಂಗಳಮ್ಮ ಬಾಗಿಲಲ್ಲಿ ನಿಂತಿದ್ದರು. ಹುಳು ಸಾಕುವ ಕೆಲಸವೆಲ್ಲ ಅವರದೇ. ಹೊಸ ಹುಳು ತಂದಾಗಿತ್ತು, ಮೂರನೇ ಜ್ವರ ಎದ್ದಿದ್ದವು, ಔಷಧಿ ಕಾಣದ ಕೆಳಗಿನ ತೋಟದ ಸೊಪ್ಪಿನಲ್ಲಿ ದಿನ ದೂಡುತ್ತಿದ್ದರು. ಮೇಲಿನ ತೋಟದ ಸೊಪ್ಪು ಕೊಡುವುದೋ ಬಿಡುವುದೋ ಅವರಿಗೆ ತಿಳಿಯಬೇಕಿತ್ತು.

"ಕಂಪ್ಲೇಂಟು ಸೋಮವಾರ ತಾನೇ," ಅಂದರು ಗಂಡನಿಗೆ. "ಅಲ್ಲೀಗಂಟ ಅವಳು ಅದೇನು ಮಾಡ್ತಾಳೋ ಮಾಡ್ಲಿ. ಇನ್ನೂರೈವತ್ತು ಹುಳ ನಾನು ಕೊಡ್ತೀನಿ."

ಹಾಗೆ ಶುಕ್ರವಾರ ಬೆಳಿಗ್ಗೆ ಹುಳು ಮನೆಯಿಂದ ದೂರದ ಟ್ರ್ಯಾಕ್ಟರ್ ಶೆಡ್ಡಿನಲ್ಲಿ ಐದು ತಟ್ಟೆ ಇಟ್ಟೆವು, ಒಂದೊಂದರಲ್ಲಿ ಐವತ್ತು ಹುಳು. ಒಂದನೆಯ ತಟ್ಟೆಗೆ ನುಸಿಯ ಔಷಧಿ ಹಚ್ಚಿದ ಸೊಪ್ಪು, ಎರಡನೆಯದಕ್ಕೆ ಬದನೆಯ ಔಷಧಿಯದು, ಮೂರನೆಯದಕ್ಕೆ ಟೊಮೇಟೊಗೆ ಹೊಡೆದಿದ್ದ ಎಲೆಚುಕ್ಕೆಯ ಹಳದಿ ಪುಡಿಯದು, ನಾಲ್ಕನೆಯದಕ್ಕೆ ಮೂರೂ ಸೇರಿದ್ದು, ಐದನೆಯದಕ್ಕೆ ಬರೀ ಸೊಪ್ಪು. ರಿಪೋರ್ಟಿನಲ್ಲಿ ಬಂದಿದ್ದ ಪ್ರಮಾಣಕ್ಕೇ ನೀರು ಅಳೆದು ಬೆರೆಸಿ, ಅದ್ದಿ, ನೆರಳಲ್ಲಿ ಆರಿಸಿದ್ದೆ. ಒಂದೊಂದು ತಟ್ಟೆಯಲ್ಲೂ ಎಷ್ಟು ಸಾಯುತ್ತವೆ ಎಂದು ಮೊದಲೇ ಬರೆದೆ: ಒಂದರಲ್ಲಿ ಹತ್ತರೊಳಗೆ, ಎರಡರಲ್ಲಿ ಐದರೊಳಗೆ, ಮೂರರಲ್ಲಿ ಸೊನ್ನೆ, ನಾಲ್ಕರಲ್ಲಿ ನಲವತ್ತಕ್ಕೂ ಹೆಚ್ಚು, ಐದರಲ್ಲಿ ಸೊನ್ನೆ. ಕಾಗದವನ್ನು ಲಕೋಟೆಗೆ ಹಾಕಿ ಅಂಟಿಸಿ ಸರ್ವಮಂಗಳಮ್ಮನ ಕೈಗೆ ಕೊಟ್ಟೆ. ಅವರು ಅದನ್ನು ದೇವರ ಕೋಣೆಯಲ್ಲಿ ವಿಭೂತಿ ಗಟ್ಟಿಯ ಕೆಳಗಿಟ್ಟರು.

ನಾನು ತಟ್ಟೆಗಳನ್ನು ಮುಟ್ಟಕೂಡದು, ನನ್ನ ಮಾವ ಗೇಟಿನೊಳಗೆ ಕಾಲಿಡಕೂಡದು ಎಂಬುದು ಪುಟ್ಟಬಸವಯ್ಯನವರ ಷರತ್ತು. ಸೊಪ್ಪು ಹಾಕುವವರು ಸರ್ವಮಂಗಳಮ್ಮ ಒಬ್ಬರೇ. ಬಾಗಿಲಲ್ಲಿ ಕಾವಲಿಗೆ ಪುಟ್ಟಬಸವಯ್ಯನವರ ತಮ್ಮನ ಮಗ ಬಸವಪ್ರಸಾದ್, ಮೊಬೈಲಿನಲ್ಲಿ ಕ್ರಿಕೆಟ್ ಹಾಕಿಕೊಂಡು. ಅವರಿಗೆ ನನ್ನ ಮೇಲೆ ಇದ್ದಷ್ಟೇ ಅನುಮಾನ ನನಗೂ ಅವರ ಮೇಲಿತ್ತು. ತಟ್ಟೆ ಅದಲು ಬದಲು ಮಾಡಿದರೆ ಗೊತ್ತಾಗಲಿ ಎಂದು, ಹುಳು ಬಿಡುವುದಕ್ಕೆ ಮುಂಚೆ ಒಂದೊಂದರ ತಳಕ್ಕೂ ಪೆನ್ಸಿಲಿನಲ್ಲಿ ಗುರುತು ಹಾಕಿದ್ದೆ. ಯಾರಿಗೂ ಹೇಳಿರಲಿಲ್ಲ.

ಶನಿವಾರ ಡ್ಯೂಟಿ ತಪ್ಪಿಸುವಂತಿರಲಿಲ್ಲ. ಭಾನುವಾರ ಮೊದಲ ಬಸ್ಸಿಗೆ ಹೋದೆ. ಮೈತ್ರಿಯನ್ನೂ ಕರೆದುಕೊಂಡು ಹೋಗಿ ಅತ್ತೆಯ ಹತ್ತಿರ ಬಿಟ್ಟೆ. ಮಾವ ನನ್ನ ಹಿಂದೆಯೇ ಬಂದು ಗೇಟಿನ ಹೊರಗೆ ಮೊಪೆಡ್ ಒರಗಿಸಿ ನಿಂತ.

ಸರ್ವಮಂಗಳಮ್ಮ ಲಕೋಟೆ ತಂದರು. ಬಸವಪ್ರಸಾದ್ ಒಡೆದು ಓದಿದ. ಪುಟ್ಟಬಸವಯ್ಯನವರು ಬೆರಳಲ್ಲಿ ತೋರಿಸುತ್ತಾ ತಾವೇ ಎಣಿಸಿದರು. ಒಂದರಲ್ಲಿ ಏಳು ಸತ್ತಿದ್ದವು. ಎರಡರಲ್ಲಿ ನಾಲ್ಕು. ಮೂರರಲ್ಲಿ ಎಲ್ಲವೂ ಸೊಪ್ಪು ಮೇಯುತ್ತಿದ್ದವು. ನಾಲ್ಕರಲ್ಲಿ ಒಂದೂ ಉಳಿದಿರಲಿಲ್ಲ. ಹಸಿರು ನೀರು ಕಾರಿ, ಮೈ ಕುಗ್ಗಿ, ಅವರು ಮನೆಯಲ್ಲಿ ಕಂಡಿದ್ದ ಹಾಗೆಯೇ. ಅವರು ಎರಡನೆಯ ಸಲ ಎಣಿಸಿದರು. ಐದನೆಯ ತಟ್ಟೆಗೆ ಬಂದಾಗ ಅವರ ಮುಖ ಅರಳಿತು.

ಐದನೆಯದರಲ್ಲಿ ಹದಿನಾಲ್ಕು ಸತ್ತಿದ್ದವು.

"ಬರೀ ಸೊಪ್ಪು ಇದು. ನಿನ್ ಕಾಗದ್ದಲ್ಲಿ ಸೊನ್ನೆ ಅಂತ ಐತೆ. ಇದುಕ್ಕೆ ಯಾರು ಬೆರೆಸಿದ್ರಮ್ಮ? ಗೇಟ್ ಆಚೆ ನಿಂತವ್ನಲ್ಲ, ಅವ್ನು ಗಾಳೀಲಿ ಬಿಟ್ನಾ?"

ನಾನು ಬಸವಪ್ರಸಾದನ ಮುಖ ನೋಡಿದೆ. ಇವರೇ ಏನೋ ಮಾಡಿದ್ದಾರೆ, ನಾನು ಸೋಲಲಿ ಎಂದು ಹಾಕಿದ್ದಾರೆ ಅನ್ನಿಸಿತು. ಷರತ್ತನ್ನೂ ಮರೆತು ತಟ್ಟೆಗಳನ್ನು ಒಂದೊಂದಾಗಿ ಎತ್ತಿ ತಳ ನೋಡಿದೆ. ಪೆನ್ಸಿಲಿನ ಗುರುತುಗಳು ಇದ್ದಲ್ಲೇ ಇದ್ದವು. ಯಾವುದೂ ಬದಲಾಗಿರಲಿಲ್ಲ. ನಾನು ಗುರುತು ಹಾಕಿದ್ದು ಅವರಿಗೂ ಈಗ ಗೊತ್ತಾಯಿತು. ಪುಟ್ಟಬಸವಯ್ಯನವರು ಜೇಬಿನಿಂದ ಮಡಿಸಿದ ಹಾಳೆ ತೆಗೆದರು. ಕಂಪ್ಲೇಂಟ್ ಆಗಲೇ ಬರೆಸಿಟ್ಟಿದ್ದರು.

"ಅದುಕ್ಕೆ ನಾನೇ ಹಾಕ್ದೆ," ಅಂದರು ಸರ್ವಮಂಗಳಮ್ಮ.

ಯಾರಿಗೂ ಅರ್ಥವಾಗಲಿಲ್ಲ. ಅವರು ಸೆರಗಿನ ತುದಿ ಹಿಡಿದುಕೊಂಡು ತಟ್ಟೆಯನ್ನೇ ನೋಡುತ್ತಿದ್ದರು.

"ನೆನ್ನೆ ಬೆಳಿಗ್ಗೆ ನಾಕ್ನೇ ತಟ್ಟೆ ಹುಳ ಬಾಯಿ ಕಟ್ಬಿಟ್ಟಿದ್ವು. ಸೊಪ್ಪು ಹಂಗೇ ಉಳ್ದಿತ್ತು, ಬಾಡೂ ಇರ್ಲಿಲ್ಲ. ಎಸೆಯೋಕೆ ಮನಸ್ಸು ಬರ್ಲಿಲ್ಲ. ಒಂದು ಹಿಡಿ ಪಕ್ಕದ ತಟ್ಟೆಗೆ ಹಾಕ್ದೆ. ಕೈ ಅಭ್ಯಾಸ ಕಣ್ರೀ. ಹಾಕಿದ್ಮೇಲೆ ನೆನಪೂ ಇರ್ಲಿಲ್ಲ."

ಹೂಂ, ದೊಡ್ಡಮ್ಮ ಹಾಕಿದ್ದನ್ನು ನಾನೂ ನೋಡಿದೆ, ಏನೂ ಅನ್ನಿಸಲಿಲ್ಲ ಎಂದ ಬಸವಪ್ರಸಾದ್. ಹುಳು ಸಾಕುವ ಮನೆಯಲ್ಲಿ ಉಳಿದ ಸೊಪ್ಪನ್ನು ಯಾರೂ ಎಸೆಯುವುದಿಲ್ಲ. ಅದು ಯಾರ ಕಣ್ಣಿಗೂ ತಪ್ಪಾಗಿ ಕಾಣುವ ಕೆಲಸವೇ ಅಲ್ಲ.

ಪುಟ್ಟಬಸವಯ್ಯನವರು ಹೆಂಡತಿಯನ್ನು ನೋಡಿದರು. ಮೂವತ್ತು ವರ್ಷದಿಂದ ಕಾಲು ತೊಳೆಯದೆ ಹುಳು ಮನೆಗೆ ಹೋಗದ, ಹುಳು ಜ್ವರಕ್ಕೆ ಕೂತಾಗ ಗಟ್ಟಿಯಾಗಿ ಮಾತಾಡದ ಹೆಂಗಸು. ಅವರ ಮೇಲೆ ಯಾವ ಕಂಪ್ಲೇಂಟ್ ಬರೆಯುವುದು? ಆಮೇಲೆ ಅವರು ಗೇಟಿನ ಕಡೆ ನೋಡಿದರು. ಮಾವ ಅಲ್ಲಿಂದಲೇ ಎಲ್ಲ ಕೇಳಿಸಿಕೊಂಡಿದ್ದ.

"ಅವ್ನೂ ಹಿಂಗೇ ಮಾಡಿದ್ನಾ?" ನನ್ನನ್ನು ಕೇಳಿದರು, ಅವನನ್ನಲ್ಲ.

ಹೌದು ಅಂದೆ. ಉಳಿದದ್ದನ್ನು ಎಸೆಯಲಿಲ್ಲ, ಮುಂದಿನವರಿಗೆ ಹಾಕಿದ. ಹಾಗೆ ಮಾಡಬಾರದಿತ್ತು, ಹುಳು ಸತ್ತದ್ದು ಅದರಿಂದಲೇ. ಆದರೆ ನಿಮ್ಮ ಮೇಲಿನ ಸಿಟ್ಟಿಗೆ ಹಾಕಿದ್ದಲ್ಲ.

ಮಾವನ ಮುಖ ಆ ಮಾತಿಗೆ ಕಪ್ಪಿಟ್ಟಿತು. ತಾನು ಹಾಕಿದ್ದರಿಂದಲೇ ಸತ್ತವು ಎಂದು ಅವನಿಗೆ ಅಲ್ಲಿಯ ತನಕ ಯಾರೂ ಹೇಳಿರಲಿಲ್ಲ. ಗುರುವಾರವೇ ನಾನು ಹೇಳಬೇಕಿತ್ತು. ಹೇಳಿರಲಿಲ್ಲ.

ಪುಟ್ಟಬಸವಯ್ಯನವರು ಹಾಳೆಯನ್ನು ಹರಿಯಲಿಲ್ಲ. ಮಡಿಸಿ ಜೇಬಿಗೇ ಹಾಕಿಕೊಂಡರು. ತಪ್ಪಾಯಿತು ಅನ್ನಲಿಲ್ಲ. ಗೇಟು ತೆಗೆಯುವಂತೆ ಬಸವಪ್ರಸಾದನಿಗೆ ಕೈಸನ್ನೆ ಮಾಡಿದರು, ಅಷ್ಟೇ. ಸರ್ವಮಂಗಳಮ್ಮ ಒಳಗೆ ಹೋಗಿ, ಕೈಯನ್ನು ಸೋಪು ಹಾಕಿ ತುಂಬಾ ಹೊತ್ತು ತೊಳೆದು, ಕಾಫಿ ತಂದರು. ಎಲ್ಲರಿಗೂ ಪೇಪರ್ ಕಪ್ಪು, ಯಜಮಾನರಿಗೂ. ಮಾವ ತನ್ನ ಕಪ್ಪು ನೋಡಿದ, ಅವರ ಕೈಯಲ್ಲಿದ್ದದ್ದನ್ನು ನೋಡಿದ, ಆಮೇಲೆ ಕುಡಿದ. ಇವತ್ತು ಮಾತ್ರವೋ ಎಂಬ ಅನುಮಾನ ಅವನ ಕಣ್ಣಲ್ಲಿ ಇದ್ದೇ ಇತ್ತು. ನನ್ನಲ್ಲೂ ಇತ್ತು.

ಮೊಪೆಡ್ಡಿನ ಹಿಂದೆ ಡ್ರಮ್ ಹಾಗೇ ಕಟ್ಟಿತ್ತು. ಪುಟ್ಟಬಸವಯ್ಯನವರು ಅದರ ಮುಚ್ಚಳ ತೆಗೆದು, ಒಳಗಿನ ಗೆರೆಗಳನ್ನು ನೋಡಿ ಹಿಂದಕ್ಕೆ ಸರಿದರು.

"ಇದನ್ನ ಈಗ ಎಲ್ಲಿಗೆ ಸುರೀಲಿ?" ಅಂದ ಮಾವ. "ಏಳವ್ವ, ನೀನು ಓದ್ದೋಳು."

ನನಗೆ ಗೊತ್ತಿರಲಿಲ್ಲ. ಲ್ಯಾಬಿನಲ್ಲಿ ಉಳಿದದ್ದನ್ನು ಕ್ಯಾನಿಗೆ ತುಂಬಿಡುತ್ತೇವೆ, ತಿಂಗಳಿಗೊಮ್ಮೆ ಒಂದು ವ್ಯಾನು ಬಂದು ಒಯ್ಯುತ್ತದೆ. ಆ ವ್ಯಾನು ಒಂದು ಹಳ್ಳಿಯ ಡ್ರಮ್ಮಿಗೆ ಬರುತ್ತದೆಯೇ ಎಂದು ರವಿಚಂದ್ರ ಸರ್‌ರನ್ನು ಕೇಳುತ್ತೇನೆ ಅಂದೆ. ಅಲ್ಲಿಯ ತನಕ ಎಲ್ಲಿಡುವುದು ಎಂಬ ಮಾತು ಬಂತು. ಜವರನ ಮನೆಯಲ್ಲಿದ್ದರೆ ಮತ್ತೆ ಯಾರ ಹೊಲಕ್ಕೋ ಹೋಗುತ್ತದೆ ಎಂದು ಪುಟ್ಟಬಸವಯ್ಯನವರಿಗೆ ಅನುಮಾನ. ಇವರ ಶೆಡ್ಡಿನಲ್ಲಿದ್ದರೆ ಇವರೇ ಏನಾದರೂ ಬೆರೆಸಿ ನಾಳೆ ತನ್ನ ಹೆಸರು ಹೇಳುತ್ತಾರೆ ಎಂದು ಮಾವನಿಗೆ ಅನುಮಾನ. ಅರ್ಧ ಗಂಟೆ ಅದೇ ಆಯಿತು.

ಕೊನೆಗೆ ಡ್ರಮ್ ಶೆಡ್ಡಿನ ಮೂಲೆಯಲ್ಲಿ ನಿಂತಿತು. ಮುಚ್ಚಳದ ಕೊಂಡಿಗೆ ಎರಡು ಬೀಗ. ಒಂದು ಮಾವನ ಮೊಪೆಡ್ ಡಬ್ಬಿಯದು, ಅದರ ಕೀಲಿ ಗೋವಿಂದಮ್ಮ ಅತ್ತೆಯ ತಾಳಿಯ ದಾರದಲ್ಲಿದೆ. ಇನ್ನೊಂದು ಸೊಪ್ಪಿನ ಚೀಲಕ್ಕೆ ಹಾಕಿಕೊಂಡು ಬಂದಿದ್ದ ಹಿತ್ತಾಳೆ ಬೀಗ, ಅದರ ಕೀಲಿ ಸರ್ವಮಂಗಳಮ್ಮನ ಸೊಂಟದಲ್ಲಿ. ಬುಧವಾರ ಚಿಕ್ಕಬಸಪ್ಪನವರು ಔಷಧಿ ಹೊಡೆಯಲು ಮಾವನನ್ನು ಕರೆದರಂತೆ, ಹೊಸ ಡ್ರಮ್ ತರುವುದಾದರೆ ಮಾತ್ರ ಬಾ ಎಂದು.

ವ್ಯಾನು ಇನ್ನೂ ಬಂದಿಲ್ಲ.